ಪದಚರ್ಚೆ: ‘ಟವರ್’, ‘ಮಾಸ್ಟ್’, ‘ಸ್ಟ್ರಕ್ಚರ್’ ಮೂರಕ್ಕೂ ಬೇರೆ ಬೇರೆ ಕನ್ನಡ ಪದ ಬೇಕು, ಗುರುವಾರದೊಳಗೆ

ಹುಬ್ಬಳ್ಳಿಯಿಂದ, ಸೋಮವಾರ

ಮಾನ್ಯರೇ,

ನಮ್ಮ ಪ್ರೌಢಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ‘ಭಾರತದ ಅತಿ ಎತ್ತರದ ...’ ಎಂಬ ದೊಡ್ಡ ಫಲಕವೊಂದನ್ನು ಬರೆಸುತ್ತಿದ್ದೇವೆ. ಆ ಚುಕ್ಕಿಗಳಿರುವಲ್ಲಿ ಯಾವ ಪದ ಬರಬೇಕೆಂಬುದೇ ನನ್ನ ಮೊದಲ ಪ್ರಶ್ನೆ. ಗುರುವಾರ ಸಂಜೆಯೊಳಗೆ ಬರಹ ಕೈಸೇರದಿದ್ದರೆ ಶನಿವಾರಕ್ಕೆ ಫಲಕ ಸಿದ್ಧವಾಗದೆಂದು ಪೇಂಟರ್ ಹೇಳಿದ್ದಾರೆ.

ಫಲಕದಲ್ಲಿ ಬರುವ ಸಾಲುಗಳು ಇವು. ತಮಿಳುನಾಡಿನ ತಿರುನೆಲ್ವೇಲಿಯ ಬಳಿ ವಿಜಯನಾರಾಯಣಂನಲ್ಲಿ, ನೀರಿನೊಳಗಿರುವ ಜಲಾಂತರ್ಗಾಮಿಗಳಿಗೆ ಸಂದೇಶ ಕಳುಹಿಸಲು ನೌಕಾಪಡೆಯು ಐ.ಎನ್.ಎಸ್. ಕಟ್ಟಬೊಮ್ಮನ್ ಕೇಂದ್ರದಲ್ಲಿ ನಿಲ್ಲಿಸಿರುವ 471 ಮೀಟರಿನ ಮಾಸ್ಟ್‌ಗಳು; ಚೆನಾಬ್ ನದಿಯ ಮೇಲಿನ ರೈಲು ಸೇತುವೆ, 359 ಮೀಟರ್; ರಾಮೇಶ್ವರದ ಟಿ.ವಿ. ಟವರ್, 323 ಮೀಟರ್. ಪಂಜಾಬಿನ ಫಾಜಿಲ್ಕಾದ ಟಿ.ವಿ. ಟವರ್, ಸುಮಾರು 305 ಮೀಟರ್. ಮುಂಬೈಯ ವಸತಿ ಕಟ್ಟಡ ವರ್ಲ್ಡ್ ಒನ್, 280 ಮೀಟರ್. ದೊಡ್ಡ ಉಷ್ಣವಿದ್ಯುತ್ ಸ್ಥಾವರಗಳ ಚಿಮಣಿಗಳು, 275 ಮೀಟರ್. ಗುಜರಾತಿನ ಏಕತಾ ಪ್ರತಿಮೆ, 182 ಮೀಟರ್.

ಇವೆಲ್ಲವನ್ನೂ ‘ಕಟ್ಟಡ’ ಎನ್ನಲಾಗದು. ‘ರಚನೆ’ ಎಂದು ಬರೆದರೆ ದಾಸರ ಪದಗಳ ನೆನಪಾಗುತ್ತದೆ. ಇನ್ನು ಟವರ್ ಮತ್ತು ಮಾಸ್ಟ್ ಎರಡಕ್ಕೂ ‘ಗೋಪುರ’ ಎಂದೇ ಬರೆದರೆ, ಮಕ್ಕಳು ಅವೆರಡರ ಭೇದವನ್ನು ಕೇಳಿದಾಗ ನಾನು ಏನು ಉತ್ತರ ಕೊಡಬೇಕು? ‘ಚಿಮಣಿ’ಯ ವಿಷಯವಂತೂ ನಮ್ಮ ಭಾಗದಲ್ಲಿ ಇನ್ನೂ ಕಷ್ಟ. ಚಿಮಣಿ ಎಂದರೆ ಇಲ್ಲಿಯ ಅಜ್ಜಿಯರಿಗೆ ಮಿಣುಕುವ ದೀಪ, ಚಿಮಣಿ ಎಣ್ಣೆ ಎಂದರೆ ಸೀಮೆ ಎಣ್ಣೆ. ದಯವಿಟ್ಟು ಬೇಗ ತಿಳಿಸಿರಿ.

ಧಾರವಾಡದಿಂದ, ಸೋಮವಾರ ರಾತ್ರಿ

‘ಗೋಪುರ’ವನ್ನು ಕೈಬಿಡಿ. ಸಂಸ್ಕೃತದಲ್ಲಿ ಅದರ ಮೂಲಾರ್ಥವೇ ಊರಬಾಗಿಲು. ಕನ್ನಡಕ್ಕೆ ಬಂದು ಗುಡಿಯ ಹೆಬ್ಬಾಗಿಲಿನ ಮೇಲಿನ ಕಟ್ಟುವಿಕೆಗೆ ನಿಂತಿತು. ಮುರುಡೇಶ್ವರದ ಇಪ್ಪತ್ತು ಅಂತಸ್ತಿನ ಗೋಪುರ ಸುಮಾರು 72 ಮೀಟರ್ ಎತ್ತರವಿದ್ದರೂ ಅದರ ಬುಡದಲ್ಲಿ ಬಾಗಿಲಿದೆ, ಜನ ಅದರಡಿಯಲ್ಲಿ ಹಾದು ಒಳಗೆ ಹೋಗುತ್ತಾರೆ. ಆದ್ದರಿಂದ ಅದು ಗೋಪುರ. ಬಾಗಿಲಿಲ್ಲದ ಕಬ್ಬಿಣದ ಕಂಬಕ್ಕೆ ಗೋಪುರವೆನ್ನುವ ರೂಢಿ ಪಠ್ಯಪುಸ್ತಕಗಳ ‘ಐಫೆಲ್ ಗೋಪುರ’ದಿಂದ ಹಬ್ಬಿದ ತಪ್ಪು, ಮತ್ತು ಶಾಲೆಯ ಗೋಡೆಯ ಮೇಲೆಯೇ ಅದನ್ನು ಮುಂದುವರಿಸಬಾರದು.

ನನ್ನ ಸಲಹೆ ಹೀಗಿದೆ. ಸ್ಟ್ರಕ್ಚರ್ ಎಂಬುದಕ್ಕೆ ‘ಕಟ್ಟೋಣ’. ಟವರ್ ಎಂಬುದಕ್ಕೆ ‘ಹುಡೇವು’. ನಮ್ಮ ಸೀಮೆಯ ಹಳ್ಳಿಗಳಲ್ಲಿ ಕಾವಲಿಗೆಂದು ಕಲ್ಲು ಮಣ್ಣುಗಳಿಂದ ದುಂಡಗೆ ಎಬ್ಬಿಸಿದ ಹುಡೇವುಗಳು ಇಂದಿಗೂ ಅರ್ಧ ಕುಸಿದು ನಿಂತಿವೆ. ಹತ್ತಿ ನಿಂತು ದೂರ ನೋಡುವ ಎತ್ತರಕ್ಕೆ ನಮ್ಮ ಹಿರಿಯರು ಕೊಟ್ಟ ಹೆಸರು ಅದು. ಮಾಸ್ಟ್ ಎಂಬುದಕ್ಕೆ ‘ಕೂವೆ’. ಹಡಗಿನ ನಡುವೆ ನಿಲ್ಲಿಸಿ ಹಗ್ಗಗಳಿಂದ ಬಿಗಿದ ಮರಕ್ಕೆ ಕನ್ನಡದಲ್ಲಿ ಕೂವೆಮರ, ಕೂವೆಕಂಬ ಎನ್ನುತ್ತಾರೆ. ನೌಕಾಪಡೆಯ ಕಂಬಕ್ಕೆ ಇದಕ್ಕಿಂತ ತಕ್ಕ ಪದ ಯಾವ ಭಾಷೆಯಲ್ಲಿಯೂ ಸಿಗಲಾರದು. ಅಚ್ಚಗನ್ನಡದ ಇಷ್ಟು ಪದಗಳು ಕಣ್ಣೆದುರಿಗಿರುವಾಗ ಎರವಿಗೆ ಕೈಯೊಡ್ಡುವುದೇಕೆ?

ಹಾವೇರಿಯಿಂದ, ಮಂಗಳವಾರ

‘ಎತ್ತರದ ಕಟ್ಟೋಣ’ ಎಂದು ಬರೆದರೆ ಓದಿದವರು ‘ಸರಿ, ಕಟ್ಟೋಣ ಬನ್ನಿ’ ಎಂದಾರು. ಬಹುವಚನದಲ್ಲಿ ಈ ಗೊಂದಲ ತಪ್ಪುತ್ತದೆ, ಏಕವಚನದಲ್ಲಿ ತಪ್ಪುವುದಿಲ್ಲ. ‘ಓಣ’ ಪ್ರತ್ಯಯದ ಭಾವನಾಮಗಳು ಹಳೆಯ ಬರವಣಿಗೆಯಲ್ಲಿ ಉಳಿದವು. ಇಂದಿನ ಹುಡುಗರಿಗೆ ಆ ರೂಪ ಪ್ರೇರಣೆಯ ಅರ್ಥವನ್ನಷ್ಟೇ ಕೊಡುತ್ತದೆ. ‘ನಿರ್ಮಿತಿ’ ಎಂದು ಬರೆಯಿರಿ. ಜಿಲ್ಲೆ ಜಿಲ್ಲೆಗೂ ನಿರ್ಮಿತಿ ಕೇಂದ್ರವಿದೆ, ಆ ಪದ ಯಾರಿಗೂ ಹೊಸದಲ್ಲ.

ಟವರ್ ಎಂಬುದು ಟವರೇ. ಮೊಬೈಲಿಗೆ ‘ಟವರ್ ಸಿಗವಲ್ದು’ ಎನ್ನುವ ರೈತನ ಬಾಯಲ್ಲಿ ಅದು ಕನ್ನಡವಾಗಿ ಇಪ್ಪತ್ತು ವರ್ಷವಾಯಿತು. ಅವನಿಗೆ ಹುಡೇವು ಎಂದರೆ ಊರ ನಡುವಿನ ಹಾಳು ಬುರುಜು. ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ.

ಗದಗದಿಂದ, ಮಂಗಳವಾರ

ಪದಗಳನ್ನು ಆರಿಸುವ ಮೊದಲು ವಸ್ತುಗಳನ್ನು ನೋಡಬೇಕೆಂದು ನನ್ನ ವಿನಂತಿ. ನಾನು ದೂರಸಂಪರ್ಕದ ಕಂಬಗಳನ್ನು ಎಬ್ಬಿಸುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು. ವ್ಯಾಕರಣದಲ್ಲಿ ನಿಮ್ಮೆಲ್ಲರ ಶಿಷ್ಯ.

ಟವರ್ ತನ್ನ ಕಾಲಿನ ಮೇಲೆ ತಾನು ನಿಲ್ಲುತ್ತದೆ. ಮಾಸ್ಟ್ ಹಾಗೆ ನಿಲ್ಲಲಾರದು. ಸುತ್ತಲೂ ಜಗ್ಗಿ ಕಟ್ಟಿದ ತಂತಿಗಳೇ ಅದನ್ನು ನಿಲ್ಲಿಸುತ್ತವೆ. ನಮ್ಮ ಲೈನ್‌ಮನ್‌ಗಳು ಆ ತಂತಿಗೆ ‘ಸ್ಟೇ’ ಎನ್ನುತ್ತಾರೆ, ನಾನು ಹುಡುಗರಿಗೆ ಹೇಳಿಕೊಡುವಾಗ ‘ಜಗ್ಗುತಂತಿ’ ಎನ್ನುತ್ತಿದ್ದೆ. ಪೋಲೆಂಡಿನ ಕೊನ್‌ಸ್ಟಾಂಟಿನೋವ್‌ನಲ್ಲಿ 1974ರಲ್ಲಿ ಮುಗಿದ ರೇಡಿಯೊ ಮಾಸ್ಟ್ 646 ಮೀಟರ್ ಎತ್ತರವಿತ್ತು. ದುಬೈಯ ಬುರ್ಜ್ ಖಲೀಫಾ ಏಳುವವರೆಗೆ ಮನುಷ್ಯರು ಅಷ್ಟೆತ್ತರದ್ದನ್ನು ಕಟ್ಟಿರಲಿಲ್ಲ. 1991ರ ಆಗಸ್ಟ್ 8ರಂದು ಜಗ್ಗುತಂತಿಗಳನ್ನು ಬದಲಿಸುತ್ತಿರುವಾಗ ಅದು ಮುರಿದು ಬಿದ್ದಿತು. ಮಾಸ್ಟಿಗೂ ಟವರಿಗೂ ಇರುವ ಅಂತರವನ್ನು ಮಕ್ಕಳಿಗೆ ತಿಳಿಸಲು ಈ ಒಂದು ಸಂಗತಿ ಸಾಕು. ಆದ್ದರಿಂದ ಎರಡಕ್ಕೂ ಒಂದೇ ಪದ ಬಳಸುವುದನ್ನು ನಾನು ಒಪ್ಪಲಾರೆ, ಮತ್ತು ಧಾರವಾಡದವರ ‘ಕೂವೆ’ಯನ್ನು ಮನಸಾರೆ ಒಪ್ಪುತ್ತೇನೆ. ಹಗ್ಗದಿಂದ ಬಿಗಿದದ್ದು ಎಂಬ ಗುಣ ಆ ಪದದೊಳಗೇ ಇದೆ.

ಆದರೆ ಈ ಫಲಕದ ನಿಜವಾದ ತೊಡಕು ಯಾರೂ ಮುಟ್ಟದ ‘ಎತ್ತರ’ ಎಂಬ ಪದದಲ್ಲಿದೆ. ಕಪ್ಪತಗುಡ್ಡದ ನೆತ್ತಿಯ ಮೇಲಿನ ಗಾಳಿಯಂತ್ರವನ್ನೂ ಕೆಳಗೆ ಎರೆಹೊಲದಲ್ಲಿ ನಿಂತ ಅದೇ ಅಳತೆಯ ಇನ್ನೊಂದನ್ನೂ ತೋರಿಸಿ, ಯಾವುದು ಎತ್ತರವೆಂದು ಹುಡುಗರನ್ನು ಕೇಳಿ ನೋಡಿರಿ. ಗುಡ್ಡದ ಮೇಲಿನದೇ ಎತ್ತರ ಎನ್ನುತ್ತಾರೆ, ಮತ್ತು ಕನ್ನಡದ ಮಟ್ಟಿಗೆ ಆ ಉತ್ತರದಲ್ಲಿ ತಪ್ಪಿಲ್ಲ. ವಸ್ತುವಿನ ಸ್ವಂತ ನಿಲುವನ್ನೂ ಅದು ಇರುವ ಜಾಗದ ಮಟ್ಟವನ್ನೂ ನಾವು ‘ಎತ್ತರ’ ಎಂಬ ಒಂದೇ ಪದದಿಂದ ಅಳೆಯುತ್ತೇವೆ.

ಚೆನಾಬ್ ಸೇತುವೆಯ 359 ಮೀಟರ್ ಎರಡನೆಯ ಬಗೆಯ ಎತ್ತರ. ನದಿಯ ತಳದಿಂದ ಹಳಿಯ ಹಾದಿಯವರೆಗಿನ ಅಂತರ ಅದು. ಅದರ ಬಹುಪಾಲು ಕಣಿವೆಯ ಆಳ, ಕಮಾನಿನ ಕೆಳಗಿನ ಬಯಲು. 2025ರ ಜೂನ್‌ನಲ್ಲಿ ಸೇತುವೆ ಉದ್ಘಾಟನೆಯಾದಾಗ ‘ಐಫೆಲ್‌ಗಿಂತ 35 ಮೀಟರ್ ಎತ್ತರ’ ಎಂದು ಎಲ್ಲೆಡೆ ಬರೆದರು. ಐಫೆಲ್ ಪಾದದಿಂದ ತುದಿಯವರೆಗೆ ಎಲ್ಲವೂ ಕಬ್ಬಿಣವೇ. ಅದನ್ನೂ ಕಣಿವೆಯ ಮೇಲಿನ ಹಾದಿಯನ್ನೂ ಒಂದೇ ಕೋಲಿನಿಂದ ಅಳೆಯುವುದು ಸರಿಯಲ್ಲ. ಅಲ್ಲದೆ ಆ 35 ಎಂಬ ಅಂಕಿಯೂ ಹಳೆಯದು: 2022ರಲ್ಲಿ ಹೊಸ ಆಂಟೆನಾ ಏರಿಸಿದ ಮೇಲೆ ಐಫೆಲ್ 324ರಿಂದ 330 ಮೀಟರಿಗೆ ಹೋಗಿದೆ. ಸೇತುವೆಯನ್ನು ಕಟ್ಟಿದವರ ಸಾಧನೆ ಬಹಳ ದೊಡ್ಡದು, ಆದರೆ ಈ ಪಟ್ಟಿಯಲ್ಲಿ ಎರಡನೆಯ ಸ್ಥಾನ ಅದರದಲ್ಲ. ಅದನ್ನು ಬೇರೆಯೇ ಚೌಕದಲ್ಲಿ ಬರೆಯಿರಿ.

ಪ್ರತಿಮೆಯಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. 182 ಮೀಟರ್ ಮೂರ್ತಿಯದು; ಪೀಠ ಸೇರಿದರೆ 240 ಮೀಟರ್. ನಿರ್ಮಿತಿಯ ಎತ್ತರವೆಂದಾಗ ಪೀಠವನ್ನು ಬಿಡಲು ಕಾರಣವಿಲ್ಲ.

ತುದಿಯ ಲೆಕ್ಕವೂ ಹೀಗೆಯೇ. 1996ರಲ್ಲಿ ಕೌಲಾಲಂಪುರದ ಪೆಟ್ರೋನಾಸ್ ಜೋಡಿ ಕಟ್ಟಡಗಳಿಗೆ, 452 ಮೀಟರ್ ಲೆಕ್ಕದಲ್ಲಿ, ಜಗತ್ತಿನ ಅತಿ ಎತ್ತರದ ಕಟ್ಟಡದ ಪಟ್ಟ ಸಿಕ್ಕಿತು. ಚಿಕಾಗೋದ ಸಿಯರ್ಸ್ ಕಟ್ಟಡದ ಮಾಳಿಗೆಯ ಮೇಲಿನ ಆಂಟೆನಾ ಅದಕ್ಕಿಂತ ಬಹಳ ಮೇಲೆ ಹೋಗಿದ್ದರೂ ಅದನ್ನು ಎಣಿಸಲಿಲ್ಲ. ಪೆಟ್ರೋನಾಸ್‌ನ ಚೂಪು ತುದಿ ವಾಸ್ತುವಿನ ಅಂಗವೆಂದೂ, ಆಂಟೆನಾ ಮೇಲೆ ಇಟ್ಟ ಸಲಕರಣೆಯೆಂದೂ ನಿಯಮ. ಈ ಭೇದವನ್ನು ಹೇಳಲು ನಮಗೆ ಹೊಸ ಪದ ಕಟ್ಟುವ ಅಗತ್ಯವಿಲ್ಲ. ಕಳಸ ಗುಡಿಯ ಭಾಗ, ಜಾತ್ರೆಯ ದಿನ ಏರಿಸಿದ ಬಾವುಟದ ಕೋಲು ಗುಡಿಯ ಭಾಗವಲ್ಲ. ಇದನ್ನು ತಿಳಿಯದ ಮಗು ನಮ್ಮ ಜಿಲ್ಲೆಯಲ್ಲಿ ಇರಲಾರದು.

ಅಂಕಿಗಳ ಕಂಬಸಾಲಿನ ಮೇಲೆ ‘ನಿಲುವು’ ಎಂದು ಬರೆಯಬಹುದೆಂದು ನನ್ನ ಅನಿಸಿಕೆ. ನಿಲುಗನ್ನಡಿಯಲ್ಲಿ ಆ ಅರ್ಥ ಇಂದಿಗೂ ಜೀವಂತವಾಗಿದೆ.

ಧಾರವಾಡದಿಂದ, ಮಂಗಳವಾರ ರಾತ್ರಿ

‘ನಿಲುವು’ ಎಂದರೆ ಇಂದು ಸರ್ಕಾರದ ನಿಲುವು, ಪಕ್ಷದ ನಿಲುವು. ಅದು ಬೇಡ. ಸೇತುವೆಯ ಮಾತು ಮಾತ್ರ ಪೂರ್ಣವಾಗಿ ಸರಿ. ಆ ಪದದೊಳಗಿನ ಬಿರುಕು ನನ್ನ ಗಮನಕ್ಕೆ ಬಂದಿರಲಿಲ್ಲ.

ಹಾವೇರಿಯವರಿಗೆ ಒಂದು ಮಾತು. ಜನರ ಬಾಯಿಗೆ ಬಂದದ್ದೆಲ್ಲ ಕನ್ನಡವೆಂದರೆ, ಬಾಯಿಂದ ಬಿಟ್ಟುಹೋದದ್ದನ್ನು ಯಾರು ಕಾಯಬೇಕು? ಶಾಲೆಯ ಫಲಕದಲ್ಲಿ ಒಮ್ಮೆ ಬರೆದರೆ ನೂರು ಮಕ್ಕಳು ‘ಹುಡೇವು’ ಎಂಬುದನ್ನು ಓದುತ್ತಾರೆ. ಹುಡೇವುಗಳು ಬೀಳುತ್ತಿವೆ, ಅವುಗಳ ಹೆಸರೂ ಬೀಳಬೇಕೇ?

ಹಾವೇರಿಯಿಂದ, ಬುಧವಾರ

ಅಚ್ಚಗನ್ನಡವೆಂಬ ತಮ್ಮ ವಾದಕ್ಕೆ ಉತ್ತರ ತಮ್ಮ ‘ಕೂವೆಕಂಬ’ದಲ್ಲಿಯೇ ಇದೆ. ಸ್ತಂಭ-ಕಂಬ ಎಂಬ ಜೋಡಿಯನ್ನು ನಾವು ತದ್ಭವಗಳ ಪಟ್ಟಿಯಲ್ಲಿ ಬಾಯಿಪಾಠ ಮಾಡಿದ್ದೇವೆ. ವಿಜಯಪುರದ ಉಪ್ಪಲಿ ಬುರುಜಿನ ‘ಬುರುಜು’ ಅರಬ್ಬಿಯಿಂದ ಬಂದದ್ದು. ಬುರ್ಜ್ ಖಲೀಫಾದ ‘ಬುರ್ಜ್’ ಕೂಡ ಅದೇ. 828 ಮೀಟರಿನ ಆ ಕಟ್ಟಡದ ಹೆಸರನ್ನು ಓದುವ ನಮ್ಮ ಭಾಗದ ಮಗು ಅದರಲ್ಲಿ ತನ್ನೂರಿನ ಪದವನ್ನೇ ಓದುತ್ತದೆ. ಕೋಟೆಗಳಿದ್ದ ಕಾಲದಲ್ಲಿ ಬುರುಜು ಬಂದಿತು, ಮಸೀದಿಗಳೊಡನೆ ಮಿನಾರು ಬಂದಿತು, ತಂತಿಯಿಲ್ಲದ ಟೆಲಿಫೋನಿನೊಡನೆ ಟವರ್ ಬಂದಿತು. ಮೊದಲಿನ ಎರಡಕ್ಕೆ ಮನೆಯಲ್ಲಿ ಜಾಗ ಕೊಟ್ಟು ಮೂರನೆಯದನ್ನು ಹೊಸ್ತಿಲಲ್ಲಿ ತಡೆಯುವುದು ಯಾವ ನ್ಯಾಯ? ಹಳೆಯ ಎರವಿಗೆ ಗೌರವ, ಹೊಸ ಎರವಿಗೆ ಅವಮಾನ ಎಂಬುದು ತತ್ವವಲ್ಲ, ಅಭ್ಯಾಸ.

ಹುಡೇವು ಉಳಿಯಬೇಕೆಂಬ ತಮ್ಮ ಕಳಕಳಿ ನನಗೂ ಇದೆ. ಆದರೆ ಅದು ಹುಡೇವಿನ ಹೆಸರಾಗಿಯೇ ಉಳಿಯಲಿ. ಟಿ.ವಿ. ಟವರಿಗೆ ಅಂಟಿಸಿದರೆ ಮಕ್ಕಳು ನಾಳೆ ಊರ ನಡುವಿನ ಹುಡೇವನ್ನು ಕಂಡು ಇದೇನೆಂದು ಕೇಳುತ್ತಾರೆ.

ಧಾರವಾಡದಿಂದ, ಬುಧವಾರ

ಕಂಬ ಸಾವಿರ ವರ್ಷ ಕನ್ನಡದ ಬಾಯಲ್ಲಿ ಸವೆದು ದುಂಡಗಾದ ಪದ. ನಿನ್ನೆ ಬಂದ ಟವರನ್ನು ಅದರ ಪಕ್ಕದಲ್ಲಿ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಹುಡೇವಿನ ಬಗ್ಗೆ ತಾವು ಕೊನೆಯಲ್ಲಿ ಹೇಳಿದ್ದನ್ನು ಮಾತ್ರ ಒಪ್ಪುತ್ತೇನೆ.

ಹುಬ್ಬಳ್ಳಿಯಿಂದ, ಗುರುವಾರ ಮಧ್ಯಾಹ್ನ

ಮಾನ್ಯರೇ, ತಮ್ಮೆಲ್ಲರಿಗೂ ಕೃತಜ್ಞತೆಗಳು. ಪೇಂಟರ್‌ಗೆ ಕಳುಹಿಸುವ ಬರಹ ಹೀಗಿದೆ, ತಪ್ಪಿದ್ದರೆ ಸಂಜೆಯೊಳಗೆ ತಿಳಿಸಿರಿ.

ತಲೆಬರಹ ‘ಭಾರತದ ಅತೀ ಎತ್ತರದ ನಿರ್ಮಿತಿಗಳು’. ಅಂಕಿಗಳ ಮೇಲೆ ‘ಬುಡದಿಂದ ತುದಿಯವರೆಗೆ’ ಎಂದಿದೆ. ನಿಲುವು ನನಗೂ ಹಿಡಿಸಿತ್ತು, ಆದರೆ ಎಂಟನೆಯ ತರಗತಿಯ ನಾಲ್ವರನ್ನು ಕೇಳಿದಾಗ ನಾಲ್ವರೂ ಅಭಿಪ್ರಾಯವೆಂದೇ ಅರ್ಥ ಹೇಳಿದರು. ಮೊದಲ ಸಾಲು ‘ಕೂವೆ’, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಜಗ್ಗುತಂತಿಗಳಿಂದ ಬಿಗಿದು ನಿಲ್ಲಿಸಿದ ಕಂಬ’. ರಾಮೇಶ್ವರ, ಫಾಜಿಲ್ಕಾಗಳಿಗೆ ‘ಟವರ್’. ಚಿಮಣಿಗೆ ‘ಹೊಗೆಗೊಳವೆ’. ಪ್ರತಿಮೆಗೆ ‘ಪೀಠ ಸೇರಿ 240’. ಸೇತುವೆ ಬಲಗಡೆಯ ಬೇರೆ ಚೌಕದಲ್ಲಿದೆ: ‘ನದಿಯ ತಳದಿಂದ ಹಳಿಯವರೆಗೆ 359 ಮೀಟರ್’.

471 ಮೀಟರ್ ಎಂದರೆ ಎಷ್ಟೆಂದು ಮಕ್ಕಳ ಕಣ್ಣಿಗೆ ಕಟ್ಟಬೇಕೆಂದು ಒಂದು ಚಿತ್ರವನ್ನೂ ಸೇರಿಸಿದ್ದೇನೆ. ನಮ್ಮ ಹುಬ್ಬಳ್ಳಿ ನಿಲ್ದಾಣದ 1507 ಮೀಟರಿನ ಪ್ಲಾಟ್‌ಫಾರ್ಮಿನ ಮೇಲೆ ಆ ಕೂವೆಯ ಅಳತೆಯ ಮೂರು ಕಂಬಗಳನ್ನು ಉದ್ದಕ್ಕೆ ಮಲಗಿಸಿ ತೋರಿಸಿದೆ. ಮೂರೂ ಹಿಡಿದು ಇನ್ನೂ 94 ಮೀಟರ್ ಉಳಿಯುತ್ತದೆ.

ಹಾವೇರಿಯಿಂದ, ಗುರುವಾರ ಸಂಜೆ

‘ಅತೀ’ ತಪ್ಪು. ‘ಅತಿ’ ಎಂದು ಹ್ರಸ್ವ ಮಾಡಿಸಿರಿ. ಉಳಿದದ್ದು ಸರಿಯಾಗಿದೆ.

ಧಾರವಾಡದಿಂದ, ಗುರುವಾರ ಸಂಜೆ

ಹ್ರಸ್ವವೇ ಸರಿ. ಶನಿವಾರ ಬಂದು ಫಲಕವನ್ನು ನೋಡುತ್ತೇನೆ.