ಕ್ಯಾನುಲಾ ಬದಲಿಸುವ ಹೊಸ ಪದ್ಧತಿ ರಾತ್ರಿ ಪಾಳಿಗೂ ತಲುಪುವುದು ಹೇಗೆ?

ಪ್ರಶ್ನೆ:
ವಯಸ್ಕರ ವಾರ್ಡಿನಲ್ಲಿ 72 ಗಂಟೆ ಆಯಿತೆಂದರೆ ಕ್ಯಾನುಲಾ (ಔಷಧಿ, ದ್ರವ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ತೆಗೆದು ಬೇರೆ ಕಡೆ ಹಾಕುವುದು ಹಳೆಯ ರೂಢಿ. ತೊಂದರೆ ಕಂಡಾಗ ಬದಲಿಸಿದರೆ ಸಾಕು ಅಂತ ತರಗತಿಯಲ್ಲಿ ಹೇಳಿದ್ದಾಯಿತು, ಅಧ್ಯಯನದ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿದ್ದೂ ಆಯಿತು. ಬೆಳಗಿನವರು ಪಾಲಿಸುತ್ತಾರೆ, ರಾತ್ರಿಯವರು ಹಳೆಯದನ್ನೇ ಮಾಡುತ್ತಾರೆ. ಎಲ್ಲಿ ತಪ್ಪುತ್ತಿದೆ?

ಉತ್ತರ 1:
ಸಿಸ್ಟರ್, ಮೊದಲು ವಾರ್ಡಿನ ಚಾರ್ಟ್ ತೆಗೆದು ನೋಡಿ. ಅದರಲ್ಲಿ 'ಬದಲಿಸಬೇಕಾದ ದಿನಾಂಕ' ಎಂಬ ಕಲಂ ಇನ್ನೂ ಇದ್ದರೆ ರಾತ್ರಿಯವರನ್ನು ದೂರಿ ಪ್ರಯೋಜನವಿಲ್ಲ. ಆ ಕಲಂ ಖಾಲಿ ಬಿಟ್ಟರೆ ಬೆಳಿಗ್ಗೆ ಉತ್ತರ ಕೊಡಬೇಕಾದವರು ಅವರೇ. ಲಿಖಿತ ನಿಯಮ, ಚಾರ್ಟ್, ಡ್ರೆಸ್ಸಿಂಗ್ ಮೇಲಿನ ಲೇಬಲ್, ಮೂರೂ ಒಂದೇ ದಿನ ಬದಲಾಗಬೇಕು. ಸೋಂಕು ನಿಯಂತ್ರಣ ಸಮಿತಿಯ ಸಹಿ ಬೇಕು. ತರಗತಿ ಆಮೇಲೆ.

ಆ ಕಲಮಿನ ಜಾಗದಲ್ಲಿ ವಿಐಪಿ ಸ್ಕೋರ್ (ಕ್ಯಾನುಲಾ ಜಾಗ ನೋಡಿ ರಕ್ತನಾಳದ ಉರಿಯೂತಕ್ಕೆ ಕೊಡುವ ಅಂಕ) ಹಾಕಿ. 0 ಎಂದರೆ ಏನೂ ಇಲ್ಲ. 1 ಎಂದರೆ ಸ್ವಲ್ಪ ನೋವು ಅಥವಾ ಸ್ವಲ್ಪ ಕೆಂಪು, ಗಮನಿಸುತ್ತಿರಬೇಕು. ನೋವು, ಕೆಂಪು, ಊತ ಇವುಗಳಲ್ಲಿ ಎರಡು ಕಂಡರೆ ಸ್ಕೋರ್ 2, ಕ್ಯಾನುಲಾ ತೆಗೆಯಬೇಕು.

ಅಧ್ಯಯನದ ಬಗ್ಗೆ ಹೇಳುವಾಗ ಪೂರ್ತಿ ಹೇಳಿ. 2012ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 3,283 ರೋಗಿಗಳಿದ್ದರು. ನಿಗದಿತ ಅವಧಿಗೆ ಬದಲಿಸಿದವರು, ತೊಂದರೆ ಕಂಡಾಗ ಬದಲಿಸಿದವರು, ಎರಡೂ ಗುಂಪಿನಲ್ಲಿ ಫ್ಲೆಬೈಟಿಸ್ (ರಕ್ತನಾಳದ ಉರಿಯೂತ) ಶೇ. 7. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2019ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ನಿಗದಿತ ಅವಧಿಗೆ ಬದಲಿಸಿದವರಲ್ಲಿ ಕ್ಯಾನುಲಾ ಕಟ್ಟಿಕೊಳ್ಳುವುದು, ದ್ರವ ಹೊರಗೆ ಸೋರಿ ಊದಿಕೊಳ್ಳುವುದು ಬಹುಶಃ ಕಡಿಮೆ. ಇದನ್ನು ಮುಚ್ಚಿಟ್ಟರೆ, ಓದಿಕೊಂಡ ಹಿರಿಯ ಸಿಸ್ಟರ್ ಒಬ್ಬರು ಎತ್ತಿ ತೋರಿಸಿದ ದಿನ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಉತ್ತರ 2:
ಕಲಿಸುವ ಜಾಗ ಮಂಚದ ಪಕ್ಕ, ಹೊತ್ತು ಹ್ಯಾಂಡೋವರ್. ರಾತ್ರಿಯವರೂ ಬೆಳಗಿನವರೂ ಒಟ್ಟಿಗೆ ಸಿಗುವುದು ಆಗಲೇ. ಇಬ್ಬರೂ ಸೇರಿ ಹೊದಿಕೆ ಸರಿಸಿ ಕ್ಯಾನುಲಾ ಜಾಗ ನೋಡಿ, ಡ್ರೆಸ್ಸಿಂಗ್ ಮೇಲಿನಿಂದ ಮೆಲ್ಲಗೆ ಒತ್ತಿ, ನೋವಿದೆಯೇ ಅಂತ ಕೇಳಿ, ಸ್ಕೋರ್ ಬರೆದು ಮುಂದಿನ ಮಂಚಕ್ಕೆ ಹೋಗಲಿ. ಗಾಜ್ ಸುತ್ತಿದ್ದರೆ ಏನೂ ಕಾಣುವುದಿಲ್ಲ. ಹಾಗಾಗಿ ಟ್ರಾಲಿಯಲ್ಲಿ ಪಾರದರ್ಶಕ ಡ್ರೆಸ್ಸಿಂಗ್ ಇಲ್ಲದೆ ಇದನ್ನು ಶುರು ಮಾಡಲೇಬೇಡಿ.

ವಾರಕ್ಕೆ ಒಂದೇ ವಿಷಯ ಎತ್ತಿಕೊಳ್ಳಿ. ಒಂದು ವಾರ ಹಬ್ (ಸಿರಿಂಜ್ ಜೋಡಿಸುವ ಬಾಯಿ) ಒರೆಸುವುದು: ಶೇ. 70 ಆಲ್ಕೋಹಾಲ್ ಸ್ವಾಬ್‌ನಿಂದ 15 ಸೆಕೆಂಡು ಗಟ್ಟಿಯಾಗಿ ಉಜ್ಜಿ, ತಾನಾಗಿ ಒಣಗುವ ತನಕ ಕಾಯಬೇಕು. ಗಡಿಯಾರ ಹಿಡಿದು ಮಾಡಿಸಿ; ಅಂದಾಜಿನ 15 ಸೆಕೆಂಡು ಸಾಮಾನ್ಯವಾಗಿ ಐದಕ್ಕೇ ಮುಗಿದಿರುತ್ತದೆ. ಇನ್ನೊಂದು ವಾರ ಫ್ಲಶ್ (ಸಲೈನ್ ಹಾಯಿಸಿ ಕ್ಯಾನುಲಾ ತೊಳೆಯುವುದು): 10 ಮಿ.ಲೀ. ಸಿರಿಂಜ್, ಶೇ. 0.9 ಸಲೈನ್, ಸ್ವಲ್ಪ ತಳ್ಳಿ ನಿಲ್ಲಿಸಿ ಮತ್ತೆ ತಳ್ಳುವುದು. ತಡೆ ಸಿಕ್ಕರೆ ಬಲ ಹಾಕಬಾರದು.

ಉತ್ತರ 3:
ಒಂದು ಎಚ್ಚರಿಕೆ. ಜಾಗ ನೋಡುವ ಅಭ್ಯಾಸ ಇಲ್ಲದ ವಾರ್ಡಿನಲ್ಲಿ 'ಬೇಕಾದಾಗ ತೆಗೆಯಿರಿ' ಅನ್ನುವುದು 'ತೆಗೆಯಲೇಬೇಡಿ' ಅಂತಾಗಿಬಿಡುತ್ತದೆ. ಸಾಮಾನ್ಯ ರೋಗಿಗೆ ಕನಿಷ್ಠ 4 ಗಂಟೆಗೊಮ್ಮೆ, ಎಚ್ಚರವಿಲ್ಲದವರಿಗೆ 1–2 ಗಂಟೆಗೊಮ್ಮೆ ನೋಡುವುದು ರೂಢಿಯಾದ ಮೇಲೆಯೇ 72 ಗಂಟೆಯ ನಿಯಮ ಕೈಬಿಡಿ. ತುರ್ತಿನಲ್ಲಿ ಶುಚಿತ್ವ ಪಾಲಿಸಲಾಗದೆ ಹಾಕಿದ್ದನ್ನು 48 ಗಂಟೆಯೊಳಗೆ ಬದಲಿಸಲೇಬೇಕು. ಔಷಧಿಯೇ ಹೋಗದ ಕ್ಯಾನುಲಾ ಕೈಯಲ್ಲಿ ಯಾಕಿದೆ ಅಂತ ಪ್ರತಿದಿನ ರೌಂಡ್ಸ್‌ನಲ್ಲಿ ಕೇಳಿ.

ವಾರಕ್ಕೆ 10 ಕ್ಯಾನುಲಾ ಪರೀಕ್ಷಿಸಿ, ಅದರಲ್ಲಿ ಐದು ರಾತ್ರಿಯಲ್ಲೇ ಆಗಲಿ. ಸ್ಕೋರ್ ಬರೆದಿದೆಯೇ, ಜಾಗ ಕಾಣುತ್ತದೆಯೇ, ಇನ್ನೂ ಬೇಕಿದೆಯೇ, ಮೂರೇ ಪ್ರಶ್ನೆ. ಫಲಿತಾಂಶವನ್ನು ವಾರ್ಡಿನ ಹೆಸರಲ್ಲಿ ಹಾಕಿ, ವ್ಯಕ್ತಿಯ ಹೆಸರಲ್ಲಿ ಬೇಡ. ಹೆಸರು ಬಿತ್ತೆಂದರೆ ಮರುವಾರ ಎಲ್ಲರ ಚಾರ್ಟಿನಲ್ಲೂ 0 ಇರುತ್ತದೆ, ಕೈ ಮಾತ್ರ ಊದಿರುತ್ತದೆ.

ಪ್ರಶ್ನೆ ಕೇಳಿದವರು:
ಚಾರ್ಟಿನಲ್ಲಿ ಆ ಕಲಂ ಇನ್ನೂ ಇದೆ. ಮೊದಲು ಅದನ್ನೇ ಸಮಿತಿಯ ಮುಂದಿಡುತ್ತೇನೆ.