‘ಮೀಡಿಯಂ ಲಿಫ್ಟ್’ ಹೆಲಿಕಾಪ್ಟರ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ದಾವಣಗೆರೆಯಲ್ಲಿ ನಮ್ಮ ಬಡಾವಣೆಯ ಹೈಸ್ಕೂಲ್ ಮಕ್ಕಳ ಜೊತೆ ಸೇರಿ ತಿಂಗಳಿಗೊಂದು ಗೋಡೆಪತ್ರಿಕೆ ಮಾಡುತ್ತೇನೆ. ಈ ಸಲದ ವಿಷಯ ಸೇನೆಯ ಹೆಲಿಕಾಪ್ಟರ್. ರಷ್ಯಾದ ಎಂಐ-17 ವಿ5 ಬಗ್ಗೆ ಒಂದು ಪುಟ ಬರೆದೆ. ಇಂಗ್ಲಿಷಿನಲ್ಲಿ ಅದನ್ನು ‘ಮೀಡಿಯಂ ಲಿಫ್ಟ್’ ಹೆಲಿಕಾಪ್ಟರ್ ಅನ್ನುತ್ತಾರೆ. ಮೊದಲ ಸಾಲಿನಲ್ಲೇ ‘ಇದು ಮಧ್ಯಮ ವರ್ಗದ ಹೆಲಿಕಾಪ್ಟರ್’ ಅಂತ ಹಾಕಿದ್ದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಓದಿ, ‘ಸರ್, ಮಧ್ಯಮ ವರ್ಗ ಅಂದ್ರೆ ನಮ್ಮಂಥೋರು ಅಲ್ವಾ? ಹಾಗಾದ್ರೆ ಇದನ್ನ ನಾವೂ ಹತ್ತಬಹುದಾ?’ ಎಂದು ಕೇಳಿದಳು. ತಮಾಷೆಗಲ್ಲ, ನಿಜವಾಗಿಯೇ ಕೇಳಿದಳು. ಕನ್ನಡದಲ್ಲಿ ಆ ಎರಡು ಪದ ಜೊತೆಯಾದರೆ ಬರುವ ಅರ್ಥ ಅದೇ. ಪುಟವನ್ನು ವಾಪಸ್ ತಗೊಂಡೆ.

‘ವರ್ಗ’ ತೆಗೆದು ಬರೀ ‘ಮಧ್ಯಮ ಹೆಲಿಕಾಪ್ಟರ್’ ಅಂದರೂ ಸರಿಹೋಗಲಿಲ್ಲ. ಉತ್ತಮ, ಮಧ್ಯಮ, ಅಧಮ ಅಂತ ಕೇಳಿ ಬೆಳೆದ ಕಿವಿಗೆ ಅದು ‘ಅಷ್ಟೇನೂ ಚೆನ್ನಾಗಿಲ್ಲದ ಹೆಲಿಕಾಪ್ಟರ್’ ಅಂತ ಕೇಳುತ್ತೆ.

ನಿಜವಾದ ತೊಡಕು ಇರೋದು ‘ಲಿಫ್ಟ್’ ಅನ್ನೋ ಪದದಲ್ಲಿ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಆಗಲೇ ಒಂದು ಒಳ್ಳೆಯ ಕನ್ನಡ ಪದ ಚಲಾವಣೆಯಲ್ಲಿದೆ: ಏತ. 22 ಕೆರೆಗಳ ಏತ ನೀರಾವರಿ ಅಂದರೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಏತ ಅಂದರೆ ನೀರು ಎತ್ತೋದು. ಹೆಲಿಕಾಪ್ಟರ್ ಬರಹಗಳಲ್ಲಿ ‘ಲಿಫ್ಟ್’ ಎರಡು ಬೇರೆ ಅರ್ಥಗಳಲ್ಲಿ ಬರುತ್ತೆ. ಒಂದು, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುವ ಬಲ. ಇನ್ನೊಂದು, ಹೊತ್ತೊಯ್ಯುವ ಸರಕು. ‘ಮೀಡಿಯಂ ಲಿಫ್ಟ್’ನಲ್ಲಿ ಇರೋದು ಎರಡನೆಯದು. ನಾನು ಮೊದಲು ‘ಎತ್ತುಬಲ’ ಅಂತ ಬರೆದು ನೋಡಿದೆ. ಅದನ್ನು ಓದಿದವರಿಗೆ ಹೊಲದ ಎತ್ತೇ ಕಣ್ಣಮುಂದೆ ಬಂತು.

ಲೆಕ್ಕ ಹೇಳಿದರೆ ಅರ್ಥ ಇನ್ನೂ ಚೆನ್ನಾಗಿ ಬಿಡಿಸಿಕೊಳ್ಳುತ್ತೆ. ಎಂಐ-17 ವಿ5 ಒಳಗೆ 4,000 ಕೆಜಿ ತುಂಬಬಹುದು. ಮಕ್ಕಳಿಗೆ ನಾನು ಹೇಳಿದ್ದು: 50 ಕೆಜಿಯ 80 ಚೀಲ ಮೆಕ್ಕೆಜೋಳ. ಎಪಿಎಂಸಿಯಲ್ಲಿ ಹಮಾಲರು ಲಾರಿಗೆ ತುಂಬೋದನ್ನು ನೋಡಿದ ಮಕ್ಕಳಿಗೆ ತಕ್ಷಣ ಹೊಳೆಯಿತು. ಸರಕಿನ ಬದಲು ಸೈನಿಕರಾದರೆ 36 ಜನ. ಎಲ್ಲಾ ಸೇರಿ ನೆಲ ಬಿಡುವಾಗ ತೂಕ 13,000 ಕೆಜಿ ದಾಟಬಾರದು. ಈ 13 ಟನ್ನಿನಲ್ಲಿ ಯಂತ್ರದ ತೂಕವೇ 7 ಟನ್ನಿಗಿಂತ ಜಾಸ್ತಿ. ಉಳಿದದ್ದನ್ನು ಇಂಧನ ಮತ್ತು ಸರಕು ಹಂಚಿಕೊಳ್ಳಬೇಕು. ದೂರ ಹೋಗಬೇಕು ಅಂದರೆ ಸೀಮೆಎಣ್ಣೆಯಂತಹ ಆ ಇಂಧನ ಜಾಸ್ತಿ ಬೇಕು, ಆಗ ಚೀಲ ಕಮ್ಮಿ ಮಾಡಬೇಕು.

ಇಲ್ಲೇ ನನಗೆ ಇನ್ನೊಂದು ವಿಷಯ ಕಂಡಿತು. ಎಚ್‌ಎಎಲ್‌ನ ಧ್ರುವವನ್ನು ‘ಲೈಟ್ ಹೆಲಿಕಾಪ್ಟರ್’ ಅನ್ನುತ್ತಾರೆ. ನೆಲ ಬಿಡುವಾಗ ಅದರ ಒಟ್ಟು ತೂಕ ಹೆಚ್ಚೆಂದರೆ 5.5 ಟನ್. ಅಲ್ಲಿ ‘ಲೈಟ್’ ಅನ್ನೋದು ಯಂತ್ರದ ಗುಣ. ಯಂತ್ರ ಹಗುರ. ‘ಮೀಡಿಯಂ ಲಿಫ್ಟ್’ ಅಂದಾಗ ಅಳೆಯುವುದು ಹೊತ್ತ ಸರಕನ್ನು. ಹೆಸರುಗಳು ಒಂದೇ ಸಾಲಿನಲ್ಲಿ ಬಂದರೂ ಅಳತೆ ಬೇರೆ ಬೇರೆ. ಹಾಗಾಗಿ ‘ಹಗುರ ಹೆಲಿಕಾಪ್ಟರ್, ಮಧ್ಯಮ ಹೆಲಿಕಾಪ್ಟರ್, ಭಾರದ ಹೆಲಿಕಾಪ್ಟರ್’ ಅಂತ ಸಾಲಾಗಿ ಬರೆದರೆ ಓದಲು ಚೆಂದ, ಆದರೆ ಅರ್ಥ ಕಲಸಿಹೋಗುತ್ತೆ.

ನನ್ನ ಆಯ್ಕೆ ‘ಹೇರು’. ಮನುಷ್ಯ ತಲೆಯ ಮೇಲೆ ಹೊತ್ತರೆ ಹೊರೆ. ಗಾಡಿಗೋ ಎತ್ತಿನ ಬೆನ್ನಿಗೋ ಹಾಕಿದರೆ ಹೇರು. ನಮ್ಮಪ್ಪ ಸೊಪ್ಪೆ ತುಂಬುವಾಗ ‘ಹೇರು ಜಾಸ್ತಿ ಆತು, ಎರಡು ಸಿವುಡು ಇಳಿಸು’ ಅನ್ನುತ್ತಿದ್ದರು. ಗಾಡಿಯ ತೂಕ ಬೇರೆ, ಹೇರು ಬೇರೆ. ನಮಗೆ ಬೇಕಾಗಿರೋದು ಇದೇ ವ್ಯತ್ಯಾಸ ಅಲ್ವಾ? ‘ನಡುಹೇರಿನ ಹೆಲಿಕಾಪ್ಟರ್’ ಅಂದರೆ ಎಂಐ-17. ‘ಭಾರಿ ಹೇರಿನ ಹೆಲಿಕಾಪ್ಟರ್’ ಅಂದರೆ ಅಮೆರಿಕದ ಚಿನೂಕ್. ಎಂಐ-17ರ ಜಾಗಕ್ಕೆ ಎಚ್‌ಎಎಲ್ ರೂಪಿಸುತ್ತಿರುವ ಐಎಂಆರ್‌ಎಚ್ (ಇಂಡಿಯನ್ ಮಲ್ಟಿ ರೋಲ್ ಹೆಲಿಕಾಪ್ಟರ್) ಕೂಡ ಒಟ್ಟು ತೂಕದಲ್ಲಿ 13 ಟನ್ ಆಸುಪಾಸಿನದು, ಅದೂ ನಡುಹೇರಿನದೇ.

ಹೇರು ಹಿಡಿಸಲು ಇನ್ನೊಂದು ಕಾರಣ ಇದೆ. ಬಯಲಿನಲ್ಲಿ ಸಲೀಸಾಗಿ ಎಳೆಯುವ ಎತ್ತು ಏರು ದಾರಿಯಲ್ಲಿ ಅಷ್ಟೇ ಹೇರು ಎಳೆಯೋದಿಲ್ಲ. ಹೆಲಿಕಾಪ್ಟರ್ ಕತೆಯೂ ಹಾಗೇ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತೆ. ರೆಕ್ಕೆಗೆ ಸಿಗುವ ಆಸರೆ ಕಮ್ಮಿ, ಎಂಜಿನ್ನಿಗೂ ಉಸಿರು ಸಾಲದು. ಬಿಸಿಲು ಜಾಸ್ತಿಯಾದರೂ ಗಾಳಿ ತೆಳುವೇ. ಆದ್ದರಿಂದ ಕಾಗದದ ಮೇಲಿನ 4,000 ಕೆಜಿ ಲಡಾಖಿನ ಎತ್ತರದಲ್ಲಿ ಸಿಗುವುದಿಲ್ಲ. ‘ಸಾಮರ್ಥ್ಯ’ ಅಂದಾಗ ಈ ಏರಿಳಿತ ಕಾಣುವುದಿಲ್ಲ, ‘ಹೇರು’ ಅಂದಾಗ ಕಾಣುತ್ತೆ.

ಒಂದು ಆಕ್ಷೇಪ ನನಗೇ ಇದೆ. ಈಗ ಹೇರು ಅಂದರೆ ‘ತೆರಿಗೆ ಹೇರಿದರು’, ‘ಭಾಷೆ ಹೇರಿಕೆ’ ಅಂತಲೇ ಜಾಸ್ತಿ ಜನಕ್ಕೆ ನೆನಪಾಗುತ್ತೆ. ಪದವಾಗಿ ಒಳ್ಳೆಯದಾದರೂ ಅದಕ್ಕೆ ಕಹಿ ಅಂಟಿಕೊಂಡಿದೆ. ಆದರೂ ಹೆಸರುಪದವಾಗಿ ಬಳಸಿದಾಗ ಆ ಕಹಿ ಇರಲಾರದು ಅಂತ ನನ್ನ ನಂಬಿಕೆ.

ಇನ್ನು ‘ಬ್ಲೇಡ್’. ಒಬ್ಬರು ‘ಅಲಗು’ ಬಳಸಿ ಅಂದರು. ನನಗೆ ಒಪ್ಪಿಗೆಯಿಲ್ಲ. ಅಲಗು ಕತ್ತರಿಸುವಂಥದ್ದು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಕ್ಕೆ ಇರೋದು ಮೂರು ರೆಕ್ಕೆ ಅಂತಲೇ ಜನ ಹೇಳೋದು. ಹೆದ್ದಾರಿಯಲ್ಲಿ ಉದ್ದನೆಯ ಲಾರಿಯ ಮೇಲೆ ಅದು ಹೋಗುವಾಗ ಮಕ್ಕಳು ‘ರೆಕ್ಕೆ ಬಂತು’ ಅಂತ ಕೂಗುತ್ತಾರೆ. ವಿಜ್ಞಾನದ ಪ್ರಕಾರವೂ ಅದೇ ಸರಿ. ವಿಮಾನದ ರೆಕ್ಕೆಗೆ ಗಾಳಿ ಸಿಗಬೇಕಾದರೆ ಇಡೀ ವಿಮಾನ ಓಡಬೇಕು. ಹೆಲಿಕಾಪ್ಟರಿನ ಮೈ ನಿಂತಲ್ಲೇ ಇರಬಹುದು, ರೆಕ್ಕೆ ಮಾತ್ರ ಸುತ್ತುತ್ತೆ. ಎಂಐ-17ಕ್ಕೆ ಅಂಥ ಐದು ರೆಕ್ಕೆ, ಸುತ್ತಿನ ಅಡ್ಡಳತೆ ಸುಮಾರು 21 ಮೀಟರ್. ಹೆಸರಿನಲ್ಲೇ ರೆಕ್ಕೆ ಇದೆ. 1861ರಲ್ಲಿ ಫ್ರಾನ್ಸಿನ ಪೊಂತೋಂ ದಾಮೆಕೂರ್ ಗ್ರೀಕಿನ ಹೆಲಿಕ್ಸ್ ಅಂದರೆ ಸುರುಳಿ, ಪ್ಟೆರಾನ್ ಅಂದರೆ ರೆಕ್ಕೆ, ಇವೆರಡನ್ನೂ ಕೂಡಿಸಿ ಈ ಪದ ಕಟ್ಟಿದರು. ಅಂದರೆ ಪದ ಒಡೆಯೋದು ‘ಹೆಲಿಕೊ’ ಆದಮೇಲೆ. ನಮ್ಮ ಪತ್ರಿಕೆಗಳ ತಲೆಬರಹದ ‘ಕಾಪ್ಟರ್’ ರೆಕ್ಕೆಯ ಜೊತೆ ಸುರುಳಿಯ ಬಾಲವನ್ನೂ ಹಿಡಿದುಕೊಂಡು ಬಂದ ತುಂಡು. ಅದನ್ನು ಬಿಡಿ ಅನ್ನುತ್ತಿಲ್ಲ, ಜಾಗ ಉಳಿಸುತ್ತೆ.

ನನಗೆ ಬೇಕಾದ ಸಹಾಯ ಇಷ್ಟು. ನಿಮ್ಮ ಕಡೆ ಗಾಡಿಯ ಹೊರೆಗೆ ‘ಹೇರು’ ಅಂತ ಈಗಲೂ ಅನ್ನುತ್ತಾರಾ? ಮಲೆನಾಡಿನವರು, ಕಲ್ಯಾಣ ಕರ್ನಾಟಕದ ಕಡೆಯವರು ತಪ್ಪದೆ ಹೇಳಿ. ಹೊಟ್ಟೆಯ ಕೆಳಗೆ ಹಗ್ಗಕ್ಕೆ ಜೀಪನ್ನೋ ಫಿರಂಗಿಯನ್ನೋ ಕಟ್ಟಿಕೊಂಡು ಹಾರುತ್ತಲ್ಲ, ಅದಕ್ಕೆ ‘ತೂಗುಹೇರು’ ಅಂದರೆ ಹೇಗೆ? ಕೊನೆಯದು, ಒಂದೇ ಕಡೆ ಗಾಳಿಯಲ್ಲಿ ನಿಂತು ಹಾರೋದಕ್ಕೆ ಒಂದು ಪದ ಬೇಕು. ಸೂಳೆಕೆರೆಯ ಮೇಲೆ ಕಪ್ಪು ಬಿಳುಪು ಮಿಂಚುಳ್ಳಿ ರೆಕ್ಕೆ ಬಡಿಯುತ್ತಾ ನಿಂತಲ್ಲೇ ನಿಂತು ಮೀನು ನೋಡುತ್ತೆ. ಬೆಸ್ತರು ಅದಕ್ಕೆ ಏನನ್ನುತ್ತಾರೆ ಅಂತ ಗೊತ್ತಿದ್ದವರು ಬರೆಯಿರಿ. ಮುಂದಿನ ಭಾನುವಾರ ಗೋಡೆಪತ್ರಿಕೆ ಅಂಟಿಸಬೇಕು.