ಅಪ್‌ಡೇಟ್: ಸಂಜೆಯಾದರೆ ತೆವಳುತ್ತಿದ್ದ ವೈಫೈ ಸರಿಹೋಯಿತು

ಹೋದ ವಾರ ಕೇಳಿದ್ದೆನಲ್ಲ, ಸಿಗ್ನಲ್ ಫುಲ್ ಇದ್ದರೂ ಸಂಜೆ ಏಳಾದರೆ ಸಾಕು, ವಿಡಿಯೋ ಕಾಲ್ ನಿಂತು ನಿಂತು ಹೋಗುತ್ತದೆ ಅಂತ. ಈಗ ಸರಿಯಾಗಿದೆ.

ರೂಟರಿನ ಪವರ್ ಏರಿಸಿ ಅಂತ ಕೆಲವರು ಅಂದಿದ್ದರು. ಏರಿಸಿದೆ, ಏನೂ ಆಗಲಿಲ್ಲ. ರೂಟರ್ ಎಷ್ಟು ಕಿರುಚಿದರೂ ಫೋನಿನ ದನಿ ಸಣ್ಣದೇ ಅಲ್ವಾ? ರಿಪೀಟರ್ ಹಾಕಿದ್ದು ಇನ್ನೂ ದಂಡ. ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ (ವೈಫೈ ಮಾತಾಡುವ ರೇಡಿಯೋ ದಾರಿ) ಮತ್ತೆ ಹೇಳುತ್ತದೆ, ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಕೈಹಿಡಿದಿದ್ದು 'ಸುತ್ತ ಯಾರ ವೈಫೈ ಯಾವ ಚಾನೆಲ್‌ನಲ್ಲಿದೆ ಅಂತ ಮೊದಲು ಸ್ಕ್ಯಾನ್ ಮಾಡಿ' ಅನ್ನೋ ಸಲಹೆ. 2.4 ಗಿಗಾಹರ್ಟ್ಸ್‌ನಲ್ಲಿ 27 ನೆಟ್‌ವರ್ಕ್! ನನ್ನದು ಚಾನೆಲ್ 3ರಲ್ಲಿ, 40 ಮೆಗಾಹರ್ಟ್ಸ್ ಅಗಲಕ್ಕೆ ಕಾಲು ಚಾಚಿ ಕೂತಿತ್ತು. ಅಕ್ಕಪಕ್ಕದವರೆಲ್ಲ 1, 6, 11ರಲ್ಲಿ. ಅಂದರೆ ನಾನು 1 ಮತ್ತು 6ರವರಿಬ್ಬರ ಮಾತಿಗೂ ಅಡ್ಡ. ಅಗಲವನ್ನು 20ಕ್ಕೆ ಇಳಿಸಿ ಚಾನೆಲ್ 11ಕ್ಕೆ ಹೋದೆ. ಲ್ಯಾಪ್‌ಟಾಪ್, ಟಿವಿ ಎರಡನ್ನೂ 5 ಗಿಗಾಹರ್ಟ್ಸ್‌ಗೆ ಹಾಕಿ, ಅಲ್ಲೂ ಅಗಲವನ್ನು 80ರಿಂದ 40ಕ್ಕೆ ತಂದೆ. ಅಗಲ ಕಮ್ಮಿ ಮಾಡಿದರೆ ಅಡ್ಡಿ ತಪ್ಪಿ ವೇಗ ಜಾಸ್ತಿ ಆಗುತ್ತೆ ಅಂತ ಯಾರಾದರೂ ಮುಂಚೆ ಹೇಳಿದ್ದರೆ ನಗುತ್ತಿದ್ದೆ. ಸಂಜೆ 6 ಎಂಬಿಪಿಎಸ್ ಬರುತ್ತಿದ್ದ ಕಡೆ ಈಗ 70ರ ಆಸುಪಾಸು.

ಇನ್ನೊಬ್ಬ ಕಳ್ಳ ಮನೆಯೊಳಗೇ ಇದ್ದ: ಹಳೇ ಪ್ರಿಂಟರ್. ಅದು 1 ಎಂಬಿಪಿಎಸ್‌ನಲ್ಲಿ ಮಾತಾಡುವಷ್ಟು ಹೊತ್ತು ಉಳಿದವರು ಸುಮ್ನೆ ಕಾಯಬೇಕು. ಅದಕ್ಕೆ ಕೇಬಲ್ ಹಾಕಿ, ರೂಟರ್‌ನಲ್ಲಿ 802.11ಬಿ (ಹಳೇ ಕಾಲದ ನಿಧಾನ ವೈಫೈ ವಿಧಾನ) ಆಫ್ ಮಾಡಿದೆ.

5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 100 ಆರಿಸಿದರೆ ವೈಫೈ ಒಂದು ನಿಮಿಷ ಕಾಣುವುದೇ ಇಲ್ಲ. ಗಾಬರಿಯಿಂದ ಎರಡು ಸಲ ರೀಸ್ಟಾರ್ಟ್ ಮಾಡಿದೆ. ಆಮೇಲೆ ಗೊತ್ತಾಯಿತು, ಅದೇ ಚಾನೆಲ್ ಬಳಸುವ ರಾಡಾರ್ ಹತ್ತಿರದಲ್ಲಿ ಇದೆಯಾ ಅಂತ ಪಾಪ ರೂಟರ್ ಕಿವಿಗೊಟ್ಟು ಕೇಳುತ್ತಿರುತ್ತದಂತೆ.